ನೇರಳೆ ಜೋಳದ ಲೆಕ್ಕ

ಬೆಟ್ಟದೂರು ವಿಲ್ಕಾರೂಮಿಯ ಆರೋಗ್ಯ ಕೇಂದ್ರ ಹುಟ್ಟಿದಂದಿನಿಂದ ಅಲ್ಲಿ ಜಾರಿಗೆ ಬಂದ ಕಟ್ಟಳೆಗಳಲ್ಲೆಲ್ಲ ಅತಿ ಮಹತ್ವದ್ದು ಯಾವುದು ಎಂಬ ಪ್ರಶ್ನೆಗೆ ಉತ್ತರ ಒಂದೇ. ಅದು ಲಸಿಕೆಗೆ ಸಂಬಂಧಿಸಿದ್ದಲ್ಲ, ಕ್ಷಯಕ್ಕೆ ಸಂಬಂಧಿಸಿದ್ದಲ್ಲ. ಹುರಿದ ಮೆಕ್ಕೆಜೋಳಕ್ಕೆ ಸಂಬಂಧಿಸಿದ್ದು. ಪ್ರಯೋಗಾಲಯದ ಗೋಡೆಯ ಮೇಲೆ, ಬಾಗಿಲು ತೆರೆದವರ ಕಣ್ಣಿಗೆ ನೇರವಾಗಿ ಬೀಳುವಂತೆ, ಅದನ್ನು ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದು ತೂಗುಹಾಕಿದ್ದರು: “ಈ ಮೇಜಿನ ಮೇಲಿರುವ ಹುರಿಜೋಳವನ್ನು, ಬಣ್ಣ ಯಾವುದೇ ಇರಲಿ, ವೈದ್ಯಾಧಿಕಾರಿಯೂ ಸೇರಿದಂತೆ ಯಾರೂ ಬಾಯಿಗೆ ಹಾಕಕೂಡದು.” ಕೆಳಗೆ ಎರಡು ಸಹಿ, ಒಂದು ಹೆಬ್ಬೆಟ್ಟು.

ಕಳೆದ ತಿಂಗಳು ಗೋಡೆಗೆ ಸುಣ್ಣ ಬಳಿಯಲು ಬಂದವನು ಆ ರಟ್ಟನ್ನು ಮೊಳೆಯಿಂದ ಬಿಚ್ಚಿ ಕೈಯಲ್ಲಿ ಹಿಡಿದು ನಿಂತ.

“ಅಕ್ಕಾ, ಇದನ್ನ ಒಲೆಗೆ ಹಾಕ್ಬಿಡ್ಲಾ? ಅಕ್ಷರಾನೂ ಅಳಿಸಿಹೋಗಿದೆ.”

“ಅದಕ್ಕೂ ಮುಂಚೆ ನಿನ್ನ ಹಾಕ್ತೀನಿ,” ಎಂದಳು ಪ್ರಯೋಗಾಲಯದ ನಸಾರಿಯಾ. “ಕೊಡಿಲ್ಲಿ.”

ಸುಣ್ಣ ಬಳಿಯುತ್ತಿದ್ದುದು ಹೊಸ ಯಂತ್ರಕ್ಕಾಗಿ. ರಾಜಧಾನಿ ಲಿಮಾದಿಂದ ಮರದ ಪೆಟ್ಟಿಗೆಯೊಳಗೆ ಹುಲ್ಲಿನ ಹಾಸಿಗೆಯ ಮೇಲೆ ಬಂದಿಳಿದ ಬಿಳಿಯ ಡಬ್ಬ. ಒಂದು ತೊಟ್ಟು ರಕ್ತ ಕುಡಿಸಿದರೆ ಒಂದೇ ನಿಮಿಷದಲ್ಲಿ ಇಪ್ಪತ್ತೆರಡು ಅಂಕಿಗಳನ್ನು ಕಾಗದದ ಪಟ್ಟಿಯ ಮೇಲೆ ಉಗುಳುತ್ತದೆ. ಆ ಇಪ್ಪತ್ತೆರಡರಲ್ಲಿ ಹದಿನಾರನೆಯ ಅಂಕಿಯನ್ನು ಪಡೆಯಲು ನಸಾರಿಯಾಗೆ ಒಂದು ಕಾಲದಲ್ಲಿ ಮುಕ್ಕಾಲು ಗಂಟೆ, ಮೂರು ಬಟ್ಟಲು ಮತ್ತು ಒಂದು ಹಿಡಿ ಜೋಳ ಬೇಕಾಗುತ್ತಿತ್ತು. ಯಂತ್ರ ತಪ್ಪು ಮಾಡುವುದಿಲ್ಲ ಎಂದು ತಂದಿಟ್ಟವನು ಹೇಳಿ ಹೋಗಿದ್ದ. ನಸಾರಿಯಾಗೆ ನಿವೃತ್ತಿಗೆ ಇನ್ನು ಒಂದೇ ತಿಂಗಳಿತ್ತು. ತಪ್ಪು ಮಾಡದ ವಸ್ತುವಿನ ಜೊತೆ ಒಂದು ತಿಂಗಳು ಕಳೆಯುವುದು ಹೇಗೆ ಎಂದು ಅವಳು ಯೋಚಿಸುತ್ತಿದ್ದಳು. ರಟ್ಟನ್ನು ಮಡಿಲಲ್ಲಿಟ್ಟುಕೊಂಡು ಮುಕ್ಕಾಲಿಯ ಮೇಲೆ ಕುಳಿತಳು. ಹದಿನಾಲ್ಕು ವರ್ಷದ ಹಿಂದಿನ ಹುರಿಜೋಳದ ವಾಸನೆ, ಸುಣ್ಣದ ವಾಸನೆಯನ್ನು ಪಕ್ಕಕ್ಕೆ ತಳ್ಳಿ, ಬಂದು ಎದುರಿಗೆ ನಿಂತಿತು.

ಆಗ ಈ ಪ್ರಯೋಗಾಲಯವೆಂದರೆ ಒಂದು ಕಿಟಕಿ, ಒಂದು ಸೂಕ್ಷ್ಮದರ್ಶಕ ಮತ್ತು ನಸಾರಿಯಾ. ಪಕ್ಕದಲ್ಲೇ ಕಾಯುವ ಮನೆ. ಬೆಟ್ಟದ ಮೇಲಿನ ಹಟ್ಟಿಗಳ ಬಸುರಿಯರು, ಒಂದೂವರೆ ದಿನ ಎರಡು ದಿನ ನಡೆದು ಬರಬೇಕಾದವರು, ಏಳೆಂಟು ತಿಂಗಳಾಗುತ್ತಿದ್ದಂತೆ ಬಂದು ಅಲ್ಲಿ ಇದ್ದುಬಿಡುತ್ತಿದ್ದರು. ಆಲೂಗಡ್ಡೆ ಸುಲಿಯುತ್ತ, ಉಣ್ಣೆ ನೂಲುತ್ತ, ಗಂಡಂದಿರನ್ನು ಬೈಯುತ್ತ ದಿನ ಎಣಿಸುತ್ತಿದ್ದರು. ಆ ಮನೆಯ ಅಡುಗೆ ಸತುರ್ನಿನಜ್ಜಿಯದು. ಅವಳು ಆ ಸೀಮೆಯ ಹಳೆಯ ಸೂಲಗಿತ್ತಿ. ಸರ್ಕಾರದ ಕಾಗದದಲ್ಲಿ “ಸಹಾಯಕಿ” ಎಂದಿತ್ತು. ಯಾರಿಗೆ ಸಹಾಯಕಿ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಸತುರ್ನಿನಜ್ಜಿಯ ಕೃಪೆಯಿಂದ ಹುರಿಜೋಳ ಎಲ್ಲೆಲ್ಲೂ ಇರುತ್ತಿತ್ತು. ಹೆಸರು ಬರೆಸುವ ಮೇಜಿನ ಮೇಲೆ ಒಂದು ಬಟ್ಟಲು, ಔಷಧಿ ಕೊಡುವ ಕಿಟಕಿಯಲ್ಲಿ ಒಂದು ಬಟ್ಟಲು, ಆಂಬ್ಯುಲೆನ್ಸಿನ ಗಾಜಿನ ಹಿಂದೆ ಕನ್ಯಾಮಾತೆಯ ಪಾದದ ಬಳಿ ಒಂದು ಬಟ್ಟಲು. ವಿಲ್ಕಾರೂಮಿಯಲ್ಲಿ ಬಟ್ಟಲು ಕಂಡರೆ ಕೈ ತಾನಾಗಿ ಹೋಗುತ್ತದೆ. ಮನಸ್ಸನ್ನು ಕೇಳುವ ಪದ್ಧತಿ ಇಲ್ಲ.

ಪ್ರಯೋಗಾಲಯದ ಬಟ್ಟಲುಗಳು ಮಾತ್ರ ಬೇರೆ. ರಕ್ತದ ಬಿಳಿ ಕಣಗಳಲ್ಲಿ ಯಾವ ಜಾತಿಯವು ಎಷ್ಟಿವೆ ಎಂದು ನೂರು ಕಣ ನೋಡಿ ಎಣಿಸಬೇಕು. ಅದಕ್ಕೆಂದು ಐದು ಮನೆಯ ಹಾರ್ಮೋನಿಯಂನಂಥ ಒಂದು ಎಣಿಕೆಯ ಡಬ್ಬಿ ಇತ್ತು. ಒಂದೊಂದು ಜಾತಿಗೆ ಒಂದೊಂದು ಮನೆ. ಒತ್ತಿದರೆ ಅಂಕಿ ತಿರುಗುತ್ತದೆ. ನೂರು ಒತ್ತು ತುಂಬಿದರೆ ಗಂಟೆ ಬಾರಿಸುತ್ತದೆ. ತೇವಕ್ಕೆ ಅದರ ಅಂಕಿಗಳೆಲ್ಲ ತುಕ್ಕು ಹಿಡಿದು ನಿಂತುಹೋಗಿ ಗಂಟೆ ಮಾತ್ರ ನಿಷ್ಠೆಯಿಂದ ಉಳಿದಿತ್ತು. ಹೊಸದು ಬೇಕೆಂದು ನಸಾರಿಯಾ ನಾಲ್ಕು ಸಲ ಬರೆದಳು. ನಾಲ್ಕು ಸಲವೂ ಕಾಂಡೋಮ್ ಬಂತು. ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು: ಎಡಗೈಯಿಂದ ಡಬ್ಬಿಯನ್ನು ಒತ್ತುವುದು, ಬಲಗೈಯಿಂದ ಬಣ್ಣಕ್ಕೊಂದು ಬಟ್ಟಲಿಗೆ ಕಾಳು ಹಾಕುವುದು. ನ್ಯೂಟ್ರೋಫಿಲ್ ಕಂಡರೆ ಒಂದು ಬಿಳಿ ಜೋಳ, ಲಿಂಫೋಸೈಟ್ ಕಂಡರೆ ಒಂದು ನೇರಳೆ ಜೋಳ, ಉಳಿದ ಚಿಲ್ಲರೆ ಜಾತಿಗಳಿಗೆಲ್ಲ ಬಟಾಣಿ. ಕಣ್ಣು ಮಸೂರದಿಂದ ಏಳಬೇಕಿರಲಿಲ್ಲ. ಬೆರಳಿಗೇ ಬಣ್ಣ ಗೊತ್ತಿತ್ತು.

ಹಸಿ ಕಾಳು ಮೊದಲು ಹುಳ ಹಿಡಿಯಿತು. ಮಳೆಗಾಲದಲ್ಲಿ ಮೊಳಕೆಯೊಡೆದು, ಒಬ್ಬ ರೋಗಿಯ ರಕ್ತ ಚಿಗುರಿತು ಎಂದು ಊರೆಲ್ಲ ನಕ್ಕಿತು. ಆಗ ಸತುರ್ನಿನಜ್ಜಿ, “ತಾ ಇಲ್ಲಿ, ಹುರಿದುಕೊಡ್ತೀನಿ. ಸತ್ತ ಕಾಳು ಮೊಳಕೆ ಬರಲ್ಲ,” ಎಂದು ಮಣ್ಣಿನ ಓಡಿನಲ್ಲಿ ಹುರಿದುಕೊಟ್ಟಳು. ಅಭ್ಯಾಸಬಲದಿಂದ ಉಪ್ಪನ್ನೂ ಹಾಕಿದ್ದಳು.

ಅದು ಫೆಬ್ರುವರಿ, ಅಲ್ಲಿಯ ಮಳೆಗಾಲ, ಕಾರ್ನಿವಲ್ಲಿನ ವಾರ. ಬೀದಿಯಲ್ಲಿ ಹೋಗುವವರ ಮೇಲೆ ಮಹಡಿಗಳಿಂದ ಬಕೆಟ್ಟುಗಟ್ಟಲೆ ನೀರು ಬೀಳುತ್ತಿತ್ತು. ಪಾದ್ರಿಯೂ ಛತ್ರಿ ಹಿಡಿದೇ ಪೂಜೆಗೆ ಹೋಗುತ್ತಿದ್ದರು. ಆ ಬೆಳಗ್ಗೆ ಸತುರ್ನಿನಜ್ಜಿ, ಒಲೆಯ ಮುಂದೆ ಕುಳಿತು ಎದ್ದ ಲುಸ್ಮಿಲಾಳ ಲಂಗದ ಹಿಂಭಾಗ ಒದ್ದೆಯಾಗಿದ್ದುದನ್ನು ಕಂಡಳು. ಲುಸ್ಮಿಲಾ ಮೇಲಿನ ಹಟ್ಟಿಯವಳು. ಇಪ್ಪತ್ತಾರು ವರ್ಷ, ಮೂವತ್ತಮೂರು ವಾರದ ಬಸುರಿ.

“ಏನೇ ಅದು?”

“ಓಕುಳಿ ನೀರಜ್ಜಿ. ಬೀದಿಯವರು ಎರಚಿದ್ರು.”

“ಓಕುಳಿಯವರು ಮುಂದಿಂದ ಎರಚ್ತಾರೆ, ಹಿಂದಿಂದ ಎರಚ್ತಾರೆ, ಮೇಲಿಂದ ಸುರೀತಾರೆ. ಲಂಗದೊಳಗಿಂದ ಎರಚೋರನ್ನ ಈ ಎಪ್ಪತ್ತು ವರ್ಷದಲ್ಲಿ ನಾನು ನೋಡಿಲ್ಲ.”

“ಹಾಗಾದ್ರೆ ಉಚ್ಚೆ. ಮಗು ಒತ್ತುತ್ತೆ, ತಡೆಯೋಕಾಗಲ್ಲ. ನೀನು ಹೆತ್ತಿಲ್ವಾ?”

“ಒಂಬತ್ತು ಹೆತ್ತಿದ್ದೀನಿ. ಅದಕ್ಕೇ ಕೇಳ್ತಿರೋದು.”

ಮಗುವನ್ನು ಸುತ್ತಿದ ಉಮ್ಮನೀರಿನ ಚೀಲ ಕಾಲಕ್ಕೆ ಮುಂಚೆ ಒಡೆದಿದ್ದರೆ, ವಿಲ್ಕಾರೂಮಿಯಲ್ಲಿ ಮಾಡುವಂಥದ್ದು ಏನೂ ಇರಲಿಲ್ಲ. ಏಳು ಗಂಟೆಯ ದಾರಿ ಇಳಿದು ಕೆಳಗಿನ ನಗರದ ದೊಡ್ಡಾಸ್ಪತ್ರೆಗೆ ಹೋಗಬೇಕು. ಒಡೆದಿಲ್ಲವಾದರೆ ಅಲ್ಲೇ ಆಲೂಗಡ್ಡೆ ಸುಲಿಯುತ್ತ ಕೂರಬಹುದು. ಲುಸ್ಮಿಲಾಗೆ ಕೂರುವುದೇ ಬೇಕಿತ್ತು. ಎರಡು ವರ್ಷದ ಹಿಂದೆ ಇದೇ ತಿಂಗಳಲ್ಲಿ, ಇದೇ ರೀತಿ ಒದ್ದೆಯಾದ ಲಂಗದಲ್ಲಿ, ಅವಳನ್ನು ಒಬ್ಬಳನ್ನೇ ಕೆಳಗೆ ಕಳಿಸಿದ್ದರು. ಮಗು ಎರಡು ದಿನ ಇತ್ತು. ಮಗುವಿನ ಹಿಂದೆ ಬಿದ್ದ ಮಾಸು ಕೇಳಿದ್ದಕ್ಕೆ ಬಕೆಟ್ಟಿಗೆ ಹೋಯಿತು ಎಂದರು. ಮನೆಯ ಒಲೆಯ ಪಕ್ಕ ಹೂಳದ ಮಾಸಿಗೆ ಚಳಿಯಾಗುತ್ತದೆ, ಮಾಸಿಗೆ ಚಳಿಯಾದರೆ ಮಗುವಿಗೂ ಆಗುತ್ತದೆ. ಇದು ಅವಳ ಹಟ್ಟಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ದೊಡ್ಡಾಸ್ಪತ್ರೆಯಲ್ಲಿ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಆಲೂಗಡ್ಡೆಯ ಲಾರಿಯ ಮೇಲೆ, ಖಾಲಿ ಮೂಟೆಗಳ ನಡುವೆ ಕುಳಿತು ಅವಳು ಊರಿಗೆ ಮರಳಿದ್ದಳು.

ಡಾಕ್ಟರ್ ತದೇಯೊ ಪರೀಕ್ಷಿಸಿದ. ಲಿಮಾದ ಹುಡುಗ, ಹಳ್ಳಿಯಲ್ಲಿ ಕಳೆಯಲೇಬೇಕಾದ ಒಂದು ವರ್ಷವನ್ನು ಕಳೆಯಲು ಬಂದವನು, ಬೆಟ್ಟದ ಚಳಿಗೆ ಎರಡು ಸ್ವೆಟರಿನ ಮೇಲೆ ಬಿಳಿ ಕೋಟು. ಒಳಗೆ ನೀರು ಮಡುಗಟ್ಟಿದ್ದು ಕಾಣಲಿಲ್ಲ. ನೀಲಿಗೆ ತಿರುಗುವ ಪರೀಕ್ಷೆಯ ಕಾಗದ ಕ್ರಿಸ್‌ಮಸ್ಸಿಗೇ ಮುಗಿದಿತ್ತು. ಒಳಗಿನ ತೇವವನ್ನು ಒಂದು ಗಾಜಿನ ಪಟ್ಟಿಗೆ ಸವರಿ, ಎರಡು ನಿಮಿಷ ಗಾಳಿಯಲ್ಲಿ ಬೀಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ. ಉಮ್ಮನೀರಾದರೆ ಅದು ಒಣಗಿದಾಗ ಜರೀಗಿಡದ ಎಲೆಯಂತೆ ಹರಡಬೇಕು. ಏನೂ ಹರಡಿರಲಿಲ್ಲ. “ಇಲ್ಲ” ಎಂದ. ಆದರೆ ಮುಖದಲ್ಲಿ ಆ ‘ಇಲ್ಲ’ ಪೂರ್ತಿ ಕೂತಿರಲಿಲ್ಲ.

ಅದಕ್ಕೆ ಕಾರಣ ಅವನ ಜೇಬಿನಲ್ಲಿತ್ತು. ಸೆಪ್ಟೆಂಬರಿನಲ್ಲಿ ಅವನು ಒಬ್ಬಳನ್ನು ಇದೇ ಅನುಮಾನದ ಮೇಲೆ ಕೆಳಗೆ ಕಳಿಸಿದ್ದಕ್ಕೆ ಮಾರನೆಯ ವಾರ ದೊಡ್ಡಾಸ್ಪತ್ರೆಯಿಂದ ಬಂದ ಪತ್ರ ಅದು. ಉಚ್ಚೆ ಹೊಯ್ದುಕೊಂಡವರನ್ನೆಲ್ಲ ಕಳಿಸಲು ಇದು ಧರ್ಮಛತ್ರವಲ್ಲ ಎಂಬ ಮಾತನ್ನು ಆಡಳಿತದ ಭಾಷೆಯಲ್ಲಿ ಒಂದೂವರೆ ಪುಟ ಹಿಗ್ಗಿಸಿ ಬರೆದಿದ್ದರು. ಅದರ ಜೊತೆಗೇ ಮಡಿಸಿಟ್ಟ ಇನ್ನೊಂದು ಕಾಗದವಿತ್ತು: ಎಲ್ಲೋ ದೂರದ ದೇಶದ ವೈದ್ಯರು ಬರೆದ ಲೇಖನ.

“ನಸಾರಿಯಮ್ಮಾ, ರಕ್ತದಲ್ಲೇ ಗೊತ್ತಾಗುತ್ತಂತೆ,” ಎಂದ, ಕಾಗದ ಬಿಡಿಸುತ್ತ. “ಚೀಲ ಒಡೆದ ಬಸುರೀರಲ್ಲಿ ನ್ಯೂಟ್ರೋಫಿಲ್ ಏರುತ್ತೆ, ಲಿಂಫೋಸೈಟ್ ಇಳಿಯುತ್ತೆ. ಒಂದನ್ನ ಇನ್ನೊಂದರಿಂದ ಭಾಗಿಸಿದ್ರೆ ಐದು ದಾಟಬೇಕು, ಇವರ ಲೆಕ್ಕದಲ್ಲಿ. ರಕ್ತ ಸುಳ್ಳು ಹೇಳಲ್ಲ.”

“ರಕ್ತ ಏನೂ ಹೇಳಲ್ಲ ಡಾಕ್ಟ್ರೇ. ಹೇಳೋರು ಎಣಿಸೋರು.”

ಆದರೂ ಅವಳಿಗೆ ಒಳಗೊಳಗೇ ಹಿಗ್ಗಾಯಿತು. ಇಪ್ಪತ್ತೆರಡು ವರ್ಷದಿಂದ ಅವಳು ಬರೆದುಕೊಟ್ಟ ಅಂಕಿಗಳನ್ನು ಯಾವ ಡಾಕ್ಟರೂ ಒಂದರಿಂದ ಒಂದನ್ನು ಭಾಗಿಸಿ ನೋಡುವಷ್ಟು ಗೌರವದಿಂದ ಕಂಡಿರಲಿಲ್ಲ. ಅವಳ ಮನಸ್ಸಿನಲ್ಲಿ ನ್ಯೂಟ್ರೋಫಿಲ್ಲುಗಳು ಪೊಲೀಸರು, ಗಲಾಟೆ ಎಲ್ಲಿದ್ದರೆ ಅಲ್ಲಿಗೆ ಲಾಠಿ ಹಿಡಿದು ಓಡುವವರು. ಲಿಂಫೋಸೈಟುಗಳು ಗುಮಾಸ್ತರು, ಹಳೆಯ ರೋಗಗಳ ಕಡತ ಕಾಯುತ್ತ ಕೂತವರು. ಊರಿನ ಸ್ಥಿತಿ ತಿಳಿಯಲು ಇವರ ಅನುಪಾತ ನೋಡಬೇಕು ಎಂಬುದು ಅವಳಿಗೆ ಸಹಜವಾಗೇ ಕಂಡಿತು.

ಲುಸ್ಮಿಲಾ ತೋಳು ಚಾಚುವ ಮುಂಚೆ ಸೂಜಿಯನ್ನು ನೋಡಿದಳು.

“ಎಷ್ಟು ತೆಗೀತೀಯಕ್ಕ?”

“ಒಂದು ಚಮಚ.”

“ಕೆಳಗಡೇನೂ ಚಮಚ ಅಂದಿದ್ರು. ಏಳು ಸೀಸೆ ತಗೊಂಡ್ರು, ನಾನು ಎಣಿಸ್ತಾ ಇದ್ದೆ. ರಕ್ತ ಏನು ಚಿಲುಮೆಯಾ ಮತ್ತೆ ಉಕ್ಕೋಕೆ? ಹೋದದ್ದು ಹೋಯ್ತು.”

“ಉಳಿದದ್ದು ವಾಪಸ್ ಕೊಡ್ತೀನಿ. ನಿಂಗೊತ್ತಲ್ಲ.”

ಅದು ನಸಾರಿಯಾಳ ಸ್ವಂತ ಕಾನೂನು. ಪರೀಕ್ಷೆಗೆ ಬೇಕಾದಷ್ಟು ತೊಟ್ಟು ಬಳಸಿ, ಮಿಕ್ಕ ರಕ್ತವನ್ನು ಸೀಸೆಯ ಸಮೇತ ಅವರವರ ಕೈಗೇ ಕೊಡುತ್ತಿದ್ದಳು. ಅವರು ಅದನ್ನು ಗೋಡೆಯ ಬುಡದ ಮಣ್ಣಿಗೆ ಸುರಿದು, ಬೆಟ್ಟದ ಕಡೆ ಮುಖ ಮಾಡಿ ಎರಡು ಮಾತು ಹೇಳಿ, ತೊಳೆದ ಸೀಸೆ ತಂದುಕೊಡುತ್ತಿದ್ದರು. ಇದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಇದಕ್ಕೆ ಮುಂಚೆ ರಕ್ತ ಕೊಡುತ್ತಿದ್ದವರು ಹತ್ತರಲ್ಲಿ ಇಬ್ಬರು. ಆಮೇಲೆ ಹತ್ತಕ್ಕೆ ಹತ್ತು.

ರಕ್ತವನ್ನು ಗಾಜಿಗೆ ಸವರಿ, ಬಣ್ಣ ಹಾಕಿ, ತೊಳೆದು, ಅವಳು ಮಸೂರಕ್ಕೆ ಕಣ್ಣಿಟ್ಟಳು. ಡಾಕ್ಟರ್ ಹಿಂದೆಯೇ ನಿಂತ. ಹೊರಗೆ ಯಾರೋ ನೀರು ಬಿದ್ದು ಕಿರುಚುತ್ತಿದ್ದರು. ಬಿಳಿ, ಬಿಳಿ, ನೇರಳೆ, ಬಿಳಿ. ಬೆರಳುಗಳು ತಮ್ಮ ಪಾಡಿಗೆ ಕಾಳು ಉದುರಿಸುತ್ತಿದ್ದವು. ಬೆನ್ನ ಹಿಂದೆ ಕಟುಂ ಕಟುಂ ಎಂಬ ಸದ್ದು ಕೇಳಿತು. ಪಾಪ, ಹುಡುಗ ಚಿಂತೆಯಲ್ಲಿ ಹಲ್ಲು ಕಡಿಯುತ್ತಿದ್ದಾನೆ ಎಂದುಕೊಂಡಳು. ಅವನ ಮೇಲೆ ಸ್ವಲ್ಪ ಪ್ರೀತಿಯೂ ಬಂತು.

ಟಣ್ ಎಂದಿತು ಗಂಟೆ. ನೂರು.

ಇಲ್ಲಿ ಒಂದು ಸತ್ಯ ಹೇಳಲೇಬೇಕು. ನಸಾರಿಯಾ ಎಲ್ಲ ಕಾಳನ್ನೂ ಎಣಿಸುತ್ತಿರಲಿಲ್ಲ. ಒಟ್ಟು ನೂರು ಎಂದು ಗಂಟೆಯೇ ಹೇಳಿದ ಮೇಲೆ, ಚಿಕ್ಕ ರಾಶಿಗಳನ್ನು ಎಣಿಸಿ ನೂರರಲ್ಲಿ ಕಳೆದರೆ ದೊಡ್ಡ ರಾಶಿ ತಾನಾಗಿ ಸಿಗುತ್ತದೆ. ನೇರಳೆ ಹನ್ನೊಂದು, ಬಟಾಣಿ ನಾಲ್ಕು. ಅಂದಮೇಲೆ ಬಿಳಿ ಎಂಬತ್ತೈದು.

ಡಾಕ್ಟರ್ ಕಾಗದದ ಅಂಚಿನಲ್ಲಿ ಭಾಗಾಕಾರ ಮಾಡಿದ. “ಏಳೂ ಮುಕ್ಕಾಲು! ನಸಾರಿಯಮ್ಮಾ, ಏಳೂ ಮುಕ್ಕಾಲು!” ಲಾಟರಿ ಹೊಡೆದವನಂತೆ ಅಂಗಳಕ್ಕೆ ಓಡಿದ. ಆಗ ಹನ್ನೊಂದು ಗಂಟೆ. ಮಧ್ಯಾಹ್ನದ ಮಳೆ ಶುರುವಾದರೆ ಕಣಿವೆಯ ದಾರಿಯಲ್ಲಿ ಮಣ್ಣು ಕುಸಿಯುತ್ತದೆ. ಗಾಡಿ ಹನ್ನೆರಡರೊಳಗೆ ಹೊರಡಬೇಕು.

ನಸಾರಿಯಾ ಉಳಿದ ರಕ್ತದ ಸೀಸೆ ಹಿಡಿದು ಹೋದಾಗ ಲುಸ್ಮಿಲಾ ಗಂಟು ಕಟ್ಟುತ್ತಿದ್ದಳು. ಅಳುತ್ತಿರಲಿಲ್ಲ. ಸೀಸೆಯನ್ನು ತೆಗೆದುಕೊಂಡು, ಬೆಳಕಿಗೆ ಹಿಡಿದು ಮಟ್ಟ ನೋಡಿ, “ನೀನೂ ಅವರ ಕಡೆಯವಳೇ ಆದೆಯಲ್ಲಕ್ಕ,” ಎಂದಳು.

ನಸಾರಿಯಾ ಪ್ರಯೋಗಾಲಯಕ್ಕೆ ಹಿಂದಿರುಗಿದಳು. ಇಂಥ ಮಾತು ಕೇಳಿದ ಮೇಲೆ ಮನುಷ್ಯರು ಮೇಜು ಒರೆಸುತ್ತಾರೆ, ಬಟ್ಟಲು ಜೋಡಿಸುತ್ತಾರೆ. ಬಿಳಿ ಕಾಳನ್ನು ಡಬ್ಬಕ್ಕೆ ಸುರಿಯಲು ಬಟ್ಟಲು ಎತ್ತಿದಳು, ಎತ್ತಿದ ಕೈ ನಿಂತಿತು. ಎಂಬತ್ತೈದು ಕಾಳಿನ ಭಾರ ಎಷ್ಟೆಂದು ಆ ಕೈಗೆ ಗೊತ್ತಿತ್ತು. ಇದು ಅದಲ್ಲ. ಕೂತು ಎಣಿಸಿದಳು. ಎಪ್ಪತ್ತೆರಡು. ಮತ್ತೆ ಎಣಿಸಿದಳು. ಎಪ್ಪತ್ತೆರಡು. ಹನ್ನೊಂದು ಸೇರಿಸಿದರೆ ಎಂಬತ್ತಮೂರು, ಬಟಾಣಿ ನಾಲ್ಕು ಸೇರಿಸಿದರೆ ಎಂಬತ್ತೇಳು. ಗಂಟೆ ನೂರು ಎಂದಿತ್ತು. ಮನುಷ್ಯರು ಏನೇ ಮಾಡಲಿ, ಆ ಗಂಟೆ ಒಂದು ದಿನವೂ ಸುಳ್ಳು ಬಾರಿಸಿರಲಿಲ್ಲ.

ಹದಿಮೂರು ಕಾಳು. ಮೇಜಿನ ಕೆಳಗೆ ನೋಡಿದಳು. ಅಡುಗೆಮನೆಯಲ್ಲಿ ಸಾಕಿದ್ದ, ಆಗಾಗ ಇತ್ತ ನುಗ್ಗುತ್ತಿದ್ದ ಗಿನಿ ಹಂದಿಗಳ ಮೇಲೆ ಅನುಮಾನ ಪಟ್ಟಳು. ಆಮೇಲೆ ಕಟುಂ ಕಟುಂ ಸದ್ದು ನೆನಪಾಯಿತು.

ಅಂಗಳದಲ್ಲಿ ಗಾಡಿ ಗುರುಗುಟ್ಟುತ್ತಿತ್ತು. ಲುಸ್ಮಿಲಾ ಹಿಂದಿನ ಸೀಟಿನಲ್ಲಿ ಗಂಟನ್ನು ಅಪ್ಪಿ ಕೂತಿದ್ದಳು. ಡಾಕ್ಟರ್ ಶಿಫಾರಸು ಪತ್ರಕ್ಕೆ ಸಹಿ ಹಾಕುತ್ತಿದ್ದ.

“ಡಾಕ್ಟ್ರೇ, ಬಾಯಿ ತೆಗೀರಿ.”

“ಏನು?”

“ಆ ಅನ್ನಿ.”

ಇಪ್ಪತ್ತೇಳು ವರ್ಷದ ವೈದ್ಯಾಧಿಕಾರಿ ಅಂಗಳದ ನಡುವೆ ನಿಂತು ಆ ಎಂದ. ಮುಂದಿನ ಎರಡು ಹಲ್ಲುಗಳ ಸಂದಿಯಲ್ಲಿ ನೇರಳೆ ಬಣ್ಣದ ಸಿಪ್ಪೆಯೊಂದು ಸಿಕ್ಕಿಕೊಂಡು ಬಿಸಿಲಿಗೆ ಹೊಳೆಯುತ್ತಿತ್ತು.

“ನನ್ನ ಹದಿಮೂರು ಲಿಂಫೋಸೈಟ್ ತಿಂದುಬಿಟ್ರಲ್ಲ ಸ್ವಾಮಿ!”

“ಅದು... ತಿಂಡಿ ಅಂದ್ಕೊಂಡೆ.” ಅವನ ಕಿವಿ ಕೆಂಪಾಯಿತು. “ಲಿಮಾದಲ್ಲಿ ನೇರಳೆ ಜೋಳದಲ್ಲಿ ಪಾನಕ ಮಾಡ್ತಾರೆ. ಹುರಿದಿದ್ದನ್ನ ಯಾವತ್ತೂ ನೋಡಿರಲಿಲ್ಲ. ಹೇಗಿರುತ್ತೆ ನೋಡೋಣ ಅಂತ ಒಂದು...”

“ಒಂದು?”

“ಆಮೇಲೆ ಕೈ ನಿಲ್ಲಲಿಲ್ಲ.”

“ಉಪ್ಪು ಸಾಕಾಗಿತ್ತಾ ಮಗಾ?” ಎಂದಳು ಸತುರ್ನಿನಜ್ಜಿ, ಬಾಗಿಲಿನಿಂದಲೇ.

ಗಾಡಿಯ ಚಾಲಕ ಎಲಾದಿಯೊ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕ. ನಸಾರಿಯಾ ನಗಲಿಲ್ಲ. ಅವನು ತಿಂದದ್ದು ನಿಜ; ಆದರೆ ಎಣಿಸದೆ ಕಳೆದವಳು ತಾನು. ಕಳೆಯುವ ಲೆಕ್ಕ ಸೋಮಾರಿಯ ಲೆಕ್ಕ ಎಂದು ಅವಳಿಗೆ ಕೆಲಸ ಕಲಿಸಿದ ಕನ್ಯಾಸ್ತ್ರೀ ಹೇಳುತ್ತಿದ್ದಳು. “ಇನ್ನೊಂದು ಗಾಜಿಗೂ ಬಣ್ಣ ಹಾಕಿಟ್ಟಿದ್ದೀನಿ, ಮತ್ತೆ ಎಣಿಸ್ತೀನಿ. ನೀವು ಹೊರಗೇ ಇರಿ. ಕೈ ಹಿಂದೆ ಕಟ್ಕೊಂಡು.”

ಈ ಸಲ ಎಲ್ಲ ಕಾಳನ್ನೂ ಎಣಿಸಿದಳು. ಬಿಳಿ ಎಪ್ಪತ್ತೊಂದು, ನೇರಳೆ ಇಪ್ಪತ್ತೈದು, ಬಟಾಣಿ ನಾಲ್ಕು. ಮೂರಕ್ಕೂ ಕಡಿಮೆ. ರಕ್ತದ ಪ್ರಕಾರ ಚೀಲ ಭದ್ರವಾಗಿತ್ತು. ಡಾಕ್ಟರ್ ಶಿಫಾರಸು ಪತ್ರವನ್ನು ಹರಿದು, ಜೇಬಿನ ಹಳೆಯ ಪತ್ರವನ್ನು ಮುಟ್ಟಿ ನೋಡಿಕೊಂಡು, ಉಸಿರು ಬಿಟ್ಟ. ಲುಸ್ಮಿಲಾ ಗಾಡಿಯಿಂದ ಇಳಿದವಳು ನೇರ ಅಡುಗೆಮನೆಯ ಮೆಟ್ಟಿಲಿಗೆ ಹೋಗಿ, ಆಲೂಗಡ್ಡೆಯ ಬುಟ್ಟಿ ಎಳೆದುಕೊಂಡಳು. ಕಿಟಕಿಯಿಂದ ನಸಾರಿಯಾಗೆ ಅವಳ ಮುಖ ಕಾಣುತ್ತಿತ್ತು. ಬಂದು ಹನ್ನೆರಡು ದಿನವಾಗಿತ್ತು. ಅವಳು ನಕ್ಕದ್ದು ಅದೇ ಮೊದಲು.

ನಸಾರಿಯಾ ಮೇಜು ಚೊಕ್ಕಟ ಮಾಡಿ ಗಾಜಿನ ಪಟ್ಟಿಗಳನ್ನು ತೊಳೆಯಲು ಒಟ್ಟುಮಾಡಿದಳು. ತೊಳೆಯುವ ಮುಂಚೆ ಪ್ರತಿ ಗಾಜನ್ನೂ ಕೊನೆಯ ಸಲ ನೋಡುವುದು ಅವಳ ಅಭ್ಯಾಸ. ಸತ್ತವರ ಮುಖ ನೋಡಿದಂತೆ. ಬೆಳಗ್ಗೆ ಡಾಕ್ಟರ್ ಬೀಸಿದ್ದ ಗಾಜು ಕಿಟಕಿಯ ಕಟ್ಟೆಯ ಮೇಲೆ, ಅಡುಗೆಮನೆಯ ಹೊಗೆಗೂಡು ಗೋಡೆಗೆ ತಾಗುವ ಬೆಚ್ಚನೆಯ ಜಾಗದಲ್ಲಿ ಬಿದ್ದಿತ್ತು. ಅದನ್ನೂ ಮಸೂರದ ಕೆಳಗಿಟ್ಟಳು.

ಜರೀಗಿಡ. ಈ ಅಂಚಿನಿಂದ ಆ ಅಂಚಿಗೆ. ದಂಟು, ದಂಟಿಗೆ ಕವಲು, ಕವಲಿಗೆ ಎಲೆ, ಎಲೆಯ ಅಂಚಿಗೆ ಮತ್ತೆ ಎಲೆ. ಅವಳು ಹುಟ್ಟಿದ ಹಳ್ಳಿಯಲ್ಲಿ, ಅಲ್ಲಿಯ ಚಳಿಗಾಲವಾದ ಜೂನ್ ತಿಂಗಳ ಬೆಳಗ್ಗೆ ನೀರಿನ ತೊಟ್ಟಿಯ ಮೇಲೆ ಕಟ್ಟುತ್ತಿದ್ದ ಮಂಜಿನ ಹಾಳೆ ಹೀಗೇ ಇರುತ್ತಿತ್ತು. ತಾಯಿ ಅದನ್ನು ನೀರಿನ ಕೊಡದಿಂದ ಕುಟ್ಟಿ ಒಡೆಯುವ ಮುಂಚೆ ಒಂದು ಗಳಿಗೆ ನೋಡಲು ಬಿಡುತ್ತಿದ್ದಳು. ಮಳೆಗಾಲದ ತೇವದಲ್ಲಿ ಗಾಜು ಎರಡು ನಿಮಿಷಕ್ಕೆ ಒಣಗುವುದಿಲ್ಲ. ಡಾಕ್ಟರ್ ಹಸಿಯ ಗಾಜನ್ನು ನೋಡಿ ‘ಇಲ್ಲ’ ಎಂದಿದ್ದ. ಒಣಗಲು ಬೇಕಿದ್ದುದು ಒಲೆಯ ಬಿಸಿ ಮತ್ತು ಸಮಯ. ಅವೆರಡೂ ಲಿಮಾದಲ್ಲಿ ಕಲಿಸುವಂಥವಲ್ಲ.

ಗೋಡೆಯ ಗಡಿಯಾರದಲ್ಲಿ ಹನ್ನೆರಡಕ್ಕೆ ಹದಿನೈದು ನಿಮಿಷ. ನಲ್ಲಿ ಕೈಗೆಟುಕುವ ದೂರದಲ್ಲಿತ್ತು. ಗಾಜನ್ನು ತೊಳೆದರೆ ಎಲೆಗಳೆಲ್ಲ ಹರಿದು ಹೋಗುತ್ತವೆ, ಯಾರಿಗೂ ಗೊತ್ತಾಗುವುದಿಲ್ಲ. ರಕ್ತದ ಲೆಕ್ಕ ಸರಿಯಾಗಿಯೇ ಇದೆ, ಕಾಗದದಲ್ಲಿ ಬರೆದಿದೆ. ಮೆಟ್ಟಿಲ ಮೇಲೆ ಲುಸ್ಮಿಲಾ ಏನನ್ನೋ ಗುನುಗುತ್ತಿದ್ದಳು.

“ಡಾಕ್ಟ್ರೇ,” ಎಂದು ಕೂಗಿದಳು ನಸಾರಿಯಾ. “ಬನ್ನಿ. ಏನೂ ಮುಟ್ಟಬೇಡಿ, ಬರೀ ನೋಡಿ.”

ಅವನು ತುಂಬ ಹೊತ್ತು ನೋಡಿದ. “ಆದ್ರೆ ರಕ್ತ ‘ಇಲ್ಲ’ ಅಂತಿದೆಯಲ್ಲ?”

“ರಕ್ತಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ. ಪೊಲೀಸರು ಯಾವತ್ತು ಕಳ್ಳತನಕ್ಕೆ ಮುಂಚೆ ಬಂದಿದ್ದಾರೆ? ಸೋಂಕು ಹತ್ತಿದ ಮೇಲೆ ಓಡಿ ಬರ್ತಾರೆ. ಅವರು ಬರೋವರೆಗೂ ಕಾಯೋಣ್ವಾ?”

ಅವನು ಜೇಬಿಗೆ ಕೈ ಹಾಕಿ ಎರಡೂ ಕಾಗದಗಳನ್ನು ಹೊರಗೆ ತೆಗೆದ. ಪತ್ರವನ್ನು ಒಮ್ಮೆ ನೋಡಿ, ಅದರ ಹಿಂಬದಿಯಲ್ಲೇ ಹೊಸ ಶಿಫಾರಸು ಬರೆಯತೊಡಗಿದ. ಗಾಜಿನಲ್ಲಿ ಕಂಡದ್ದು, ರಕ್ತದಲ್ಲಿ ಕಾಣದ್ದು, ಎರಡನ್ನೂ ಬರೆದ. ಆ ಹೊತ್ತಿನಿಂದ ನಸಾರಿಯಾಗೆ ಅವನು ಡಾಕ್ಟರಾಗಿ ಕಂಡ.

ಲುಸ್ಮಿಲಾ ಎದ್ದೇಳಲಿಲ್ಲ. ಸುಲಿಯುತ್ತಿದ್ದ ಆಲೂಗಡ್ಡೆಯ ಮೇಲೇ ಕಣ್ಣಿಟ್ಟು, “ನಿನ್ನೆ ಸಂಜೆಯಿಂದ ಹೋಗ್ತಿದೆ,” ಎಂದಳು. “ಗೊತ್ತಿತ್ತು ನಂಗೆ. ಹೋದ ಸಲವೂ ಹೀಗೇ. ನಾನು ಹೋಗಲ್ಲ. ಆಗೋದು ಇಲ್ಲೇ ಆಗ್ಲಿ, ಹೂಳೋಕಾದ್ರೂ ಸಿಗುತ್ತೆ.”

ಸತುರ್ನಿನಜ್ಜಿ ಬೈಯಲಿಲ್ಲ, ಅದೇ ಎಲ್ಲರಿಗೂ ಭಯ ಹುಟ್ಟಿಸಿತು. ಡಾಕ್ಟರ್ ಶ್ವಾಸಕೋಶ, ಇಂಜೆಕ್ಷನ್ನು, ಗಾಜಿನ ಪೆಟ್ಟಿಗೆ ಎಂದೆಲ್ಲ ಹೇಳಿದ. ಲುಸ್ಮಿಲಾ ಕೇಳಿಸಿಕೊಂಡಳು, ಆಲೂಗಡ್ಡೆಗೆ ಹೇಳಿದಷ್ಟೇ ಆಯಿತು.

“ನಾನೂ ಬರ್ತೀನಿ,” ಎಂದಳು ನಸಾರಿಯಾ.

ಚಾಕು ನಿಂತಿತು.

“ಎಷ್ಟು ದಿನ?”

“ಆಗೋವರೆಗೂ. ತೆಗೆದ ಒಂದೊಂದು ಸೀಸೇನೂ ನಾನೇ ಎಣಿಸ್ತೀನಿ, ಉಳಿದದ್ದನ್ನ ಕೇಳಿ ತಗೋತೀನಿ. ಮಾಸು ಬಕೆಟ್ಟಿಗೆ ಹೋಗೋದಾದ್ರೆ ನನ್ನನ್ನೂ ಬಕೆಟ್ಟಿಗೆ ಹಾಕ್ಬೇಕು.”

“ಕಳೆಯೋ ಲೆಕ್ಕ ಮಾಡಲ್ಲ ತಾನೇ?” ಎಂದಳು ಲುಸ್ಮಿಲಾ. ಅಂಗಳದಲ್ಲಿ ಆಡಿದ ಮಾತೆಲ್ಲ ಅವಳಿಗೆ ಕೇಳಿಸಿತ್ತು.

“ಒಂದೊಂದಾಗಿ ಎಣಿಸ್ತೀನಿ.”

“ಮತ್ತೆ ಇಲ್ಲಿ ಪ್ರಯೋಗಾಲಯ?” ಎಂದ ಡಾಕ್ಟರ್.

“ಬೀಗ ಹಾಕಿ. ಕಾಳಿನ ಡಬ್ಬ ಒಳಗಿದೆ, ಅದಕ್ಕೇ ಹೇಳ್ತಿರೋದು.”

ಹನ್ನೆರಡಕ್ಕೆ ಐದು ನಿಮಿಷವಿದ್ದಾಗ ಗಾಡಿ ಹೊರಟಿತು. ಚೌಕದ ತಿರುವಿನಲ್ಲಿ ಕಾರ್ನಿವಲ್ಲಿನವರು ಆಂಬ್ಯುಲೆನ್ಸ್ ಎಂಬುದನ್ನೂ ನೋಡದೆ ಒಂದು ಬಕೆಟ್ಟು ನೀರು ಎರಚಿದರು. ಕಿಟಕಿ ಮುಚ್ಚದ ನಸಾರಿಯಾ ತೋಯ್ದು ತೊಪ್ಪೆಯಾದಳು. “ನೋಡಕ್ಕ,” ಎಂದಳು ಲುಸ್ಮಿಲಾ, “ಓಕುಳಿ ನೀರು ಅಂದ್ರೆ ಇದು.” ಇಬ್ಬರೂ ಕಣಿವೆ ದಾಟುವವರೆಗೂ ನಗುತ್ತಿದ್ದರು. ಅಷ್ಟು ನಗುವುದು ಇಬ್ಬರಿಗೂ ಬೇಕಿತ್ತು. ಮಡಿಲಲ್ಲಿ ಸತುರ್ನಿನಜ್ಜಿ ಕಟ್ಟಿಕೊಟ್ಟ ಹುರಿಜೋಳದ ಗಂಟು ಬೆಚ್ಚಗಿತ್ತು.

ದೊಡ್ಡಾಸ್ಪತ್ರೆಯಲ್ಲಿ ಮಗುವಿನ ಉಸಿರಿನ ಬಲಕ್ಕೆ ಇಂಜೆಕ್ಷನ್ನು ಕೊಟ್ಟು, ಸೋಂಕು ತಾಗದಂತೆ ಔಷಧಿ ಕೊಟ್ಟು, ಕಾಯಲು ಹೇಳಿದರು. ಮೊದಲ ದಿನ ನಸಾರಿಯಾ ಉಳಿದ ರಕ್ತ ವಾಪಸು ಕೇಳಿದಾಗ ಅಲ್ಲಿಯ ಪ್ರಯೋಗಾಲಯದವರು ನಕ್ಕರು. ಎರಡನೆಯ ದಿನ ಬೈದರು. ನಾಲ್ಕನೆಯ ದಿನ, ಅವಳು ಬಾಗಿಲಲ್ಲಿ ನಿಂತಿದ್ದನ್ನು ನೋಡಿ, ಒಬ್ಬಳು ತಾನಾಗಿಯೇ ಸೀಸೆ ತಂದು ಕೈಗಿಟ್ಟು, “ನಮ್ಮಜ್ಜಿಯೂ ಮೇಲಿನ ಹಟ್ಟಿಯವಳೇ,” ಎಂದು ಮೆಲ್ಲಗೆ ಹೇಳಿ ಹೋದಳು. ನಗರದಲ್ಲಿ ಮಣ್ಣು ಸಿಗುವುದು ಕಷ್ಟ. ಆಸ್ಪತ್ರೆಯ ಗೇಟಿನ ಬಳಿ ಒಂದು ಹೂವಿನ ಕುಂಡವಿತ್ತು. ಆ ಹತ್ತು ದಿನದಲ್ಲಿ ಅದು ಚೆನ್ನಾಗಿ ಚಿಗುರಿತು ಎಂದು ನಸಾರಿಯಾ ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು.

ಅವಳು ಹಿಂದಿರುಗುವಷ್ಟರಲ್ಲಿ ಗೋಡೆಯ ಮೇಲೆ ರಟ್ಟು ಬಂದಿತ್ತು. ಬರೆದವನು ಡಾಕ್ಟರೇ, “ವೈದ್ಯಾಧಿಕಾರಿಯೂ ಸೇರಿದಂತೆ” ಎಂಬ ಪದಗಳ ಕೆಳಗೆ ಗೆರೆ ಎಳೆದವಳು ಸತುರ್ನಿನಜ್ಜಿ. ಓದಲು ಬಾರದವಳು ಸರಿಯಾದ ಪದಗಳನ್ನೇ ಹೇಗೆ ಹುಡುಕಿದಳೋ ತಿಳಿಯದು. ವರ್ಷ ಮುಗಿದು ಡಾಕ್ಟರ್ ಲಿಮಾಗೆ ಮರಳಿದ. ಪ್ರತಿ ಕಾರ್ನಿವಲ್ಲಿಗೆ ಒಂದು ಕಾರ್ಡು ಕಳಿಸುತ್ತಿದ್ದ, ಆಮೇಲೆ ಫೋನಿನಲ್ಲಿ ಸಂದೇಶ. ಸತುರ್ನಿನಜ್ಜಿ ತೀರಿಕೊಂಡು ಆರು ವರ್ಷ. ಎಣಿಕೆಯ ಡಬ್ಬಿಯ ಗಂಟೆಯೂ ಒಂದು ದಿನ ನಿಂತಿತು.

ಸುಣ್ಣ ಒಣಗಿದ ಮೇಲೆ ನಸಾರಿಯಾ ರಟ್ಟನ್ನು ಅದೇ ಮೊಳೆಗೆ ತೂಗುಹಾಕಿದಳು. ಈಗ ಅದು ಯಂತ್ರದ ನೆತ್ತಿಯ ಮೇಲಿದೆ. ಯಂತ್ರದ ಪಕ್ಕದಲ್ಲಿ ಒಂದು ಬಟ್ಟಲು ನೇರಳೆ ಜೋಳ ಇಟ್ಟಳು. ಹೊಸದಾಗಿ ಬಂದ ಹುಡುಗಿ, “ಇದು ಯಾಕಕ್ಕ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಂದು ಕಾಳು ಬಾಯಿಗೆ ಹಾಕಿಕೊಂಡಳು. ನಸಾರಿಯಾ ಗೋಡೆಯ ಕಡೆ ಬೆರಳು ತೋರಿಸಿದಳು.

ಲುಸ್ಮಿಲಾಗೆ ಹತ್ತನೆಯ ದಿನ ಹೆಣ್ಣು ಮಗುವಾಯಿತು. ತೂಕ ಎರಡು ಕೆಜಿ ಹತ್ತು ಗ್ರಾಂ. ಮಾಸನ್ನು ಬಿಸ್ಕತ್ತಿನ ಡಬ್ಬದಲ್ಲಿ ತಂದು ಹಟ್ಟಿಯ ಮನೆಯ ಒಲೆಯ ಪಕ್ಕದಲ್ಲಿ ಹೂಳಿದರು.